ನಕ್ಷೆಯೂ ಸತ್ಯವ್ರತವೂ

ಸತ್ಯವ್ರತವನ್ನು ಕುರಿತು ಚಿಂತಿಸುವಾಗ ನಾವು ಸಾಮಾನ್ಯವಾಗಿ ನಾಲಗೆಯನ್ನಷ್ಟೇ ಗಮನಿಸುತ್ತೇವೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ, ಅಂದರೆ ವಂಚನೆಯ ಬರಹವನ್ನು ಸಿದ್ಧಪಡಿಸುವುದನ್ನೂ, ಸೇರಿಸಿದ್ದಾರೆ. ನಕ್ಷೆಯೂ ಒಂದು ಲೇಖವೇ. ಅದರಲ್ಲಿ ಒಂದು ಅಂಕಿಯೂ ಸುಳ್ಳಾಗಿರದೆ, ನೋಡಿದವನ ಮನಸ್ಸಿನಲ್ಲಿ ಮಾತ್ರ ಸುಳ್ಳು ಮೂಡಿದರೆ ಆ ದೋಷ ಯಾರದು?

ಭೂಗೋಳವನ್ನು ಚಪ್ಪಟೆಯಾದ ಹಾಳೆಯ ಮೇಲೆ ಯಥಾವತ್ತಾಗಿ ಹರಡುವುದು ಅಸಾಧ್ಯ. ಗಣಿತಜ್ಞ ಗೌಸ್ 1827ರಲ್ಲಿ ಪ್ರತಿಪಾದಿಸಿದ ಪ್ರಮೇಯದಿಂದ ಇದು ಸಿದ್ಧವಾಗುತ್ತದೆ. ಕೋನವನ್ನು ಉಳಿಸಿಕೊಂಡರೆ ವಿಸ್ತೀರ್ಣ ಕೆಡುತ್ತದೆ. ವಿಸ್ತೀರ್ಣವನ್ನು ಉಳಿಸಿಕೊಂಡರೆ ಆಕಾರ ಕೆಡುತ್ತದೆ. 1569ರಲ್ಲಿ ಮರ್ಕೇಟರ್ ರಚಿಸಿದ ನಕ್ಷೆ ನಾವಿಕರಿಗಾಗಿ ಹುಟ್ಟಿದುದು. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ಮಾರ್ಗ ಅದರಲ್ಲಿ ನೇರ ಗೆರೆಯಾಗುತ್ತದೆ. ಅದಕ್ಕಾಗಿ ಧ್ರುವಗಳತ್ತ ಹೋದಂತೆಲ್ಲ ನೆಲವನ್ನು ಹಿಗ್ಗಿಸಬೇಕಾಯಿತು. ನಾವಿಕನಿಗೆ ಅದು ಉಪಕಾರವೇ. ಅದೇ ನಕ್ಷೆ ಶಾಲೆಯ ಗೋಡೆಗೆ ಬಂದಾಗ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಂಡಿತು. ವಾಸ್ತವದಲ್ಲಿ ಆಫ್ರಿಕಾದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿ.ಮೀ.; ಗ್ರೀನ್‌ಲ್ಯಾಂಡಿನದು ಸುಮಾರು 22 ಲಕ್ಷ, ನಮ್ಮ ಭಾರತಕ್ಕಿಂತಲೂ ಕಡಿಮೆ. 1973ರಲ್ಲಿ ಆರ್ನೋ ಪೀಟರ್ಸ್ ವಿಸ್ತೀರ್ಣವನ್ನು ಸರಿಯಾಗಿ ತೋರಿಸುವ ನಕ್ಷೆಯೊಂದನ್ನು ಪ್ರಚಾರಕ್ಕೆ ತಂದರು. ಅದರಲ್ಲಿ ಖಂಡಗಳ ಆಕಾರ ಜಗ್ಗಿ ಎಳೆದಂತಾಯಿತು.

ಹಾಗಾದರೆ ಎಲ್ಲ ನಕ್ಷೆಗಳೂ ಅಸತ್ಯವೇ? ಅಲ್ಲ. ವಸ್ತು ಅನಂತಧರ್ಮಾತ್ಮಕ. ಅದರ ಒಂದು ಧರ್ಮವನ್ನು ಮುಖ್ಯವಾಗಿಸಿ ಉಳಿದವುಗಳನ್ನು ಗೌಣವಾಗಿ ಇರಗೊಡುವ ಜ್ಞಾನವನ್ನು ನಮ್ಮ ಆಚಾರ್ಯರು ನಯವೆಂದರು. ಉಳಿದವುಗಳನ್ನು ಅಲ್ಲಗಳೆದರೆ ಅದು ದುರ್ನಯ. ಬಿಡುವುದೇ ತಪ್ಪೆಂದಾದರೆ ನಕ್ಷೆ ಎಂಬುದೇ ಇರಲಾರದು. ಬಿಟ್ಟಿದ್ದೇನೆಂಬುದನ್ನು ಮರೆಮಾಚಿ, ‘ಲೋಕವಿರುವುದೇ ಹೀಗೆ’ ಎಂದು ಸಾಧಿಸುವಲ್ಲಿ ದೋಷವಿದೆ.

ಬಣ್ಣದ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 96 ಲಕ್ಷ. ಉತ್ತರ ಕನ್ನಡದ್ದು ಸುಮಾರು 14 ಲಕ್ಷ. ವಿಸ್ತೀರ್ಣದಲ್ಲಾದರೋ ಉತ್ತರ ಕನ್ನಡ ನಾಲ್ಕು ಪಟ್ಟಿಗೂ ಮಿಗಿಲು. ಜಿಲ್ಲೆಗೊಂದು ಬಣ್ಣ ತುಂಬಿ ರೋಗವನ್ನೋ ಬಡತನವನ್ನೋ ತೋರಿಸಿದರೆ ಕಣ್ಣು ನೆಲವನ್ನು ಎಣಿಸುತ್ತದೆಯೇ ಹೊರತು ಜನರನ್ನಲ್ಲ. ಇನ್ನು ವರ್ಗೀಕರಣ. ಬೆಳೆನಷ್ಟದ ನಕ್ಷೆಯಲ್ಲಿ ಶೇಕಡಾ 50ಕ್ಕೆ ಗೆರೆ ಎಳೆದರೆ, 49ರಷ್ಟು ನಷ್ಟವಾದ ತಾಲ್ಲೂಕು ತಿಳಿಹಳದಿಯಾಗಿಯೂ 51ರಷ್ಟು ನಷ್ಟವಾದದ್ದು ಕಡುಗೆಂಪಾಗಿಯೂ ಕಾಣುತ್ತವೆ. 51 ಮತ್ತು 90ರ ನಡುವೆ ಭೇದವೇ ತೋರದು. ಇಂಥ ನಕ್ಷೆಯನ್ನು ನೋಡಿ ಪರಿಹಾರ ಹಂಚಿದರೆ ಹಸಿದವನ ಪಾಲನ್ನು ಬಣ್ಣದ ಗೆರೆಯೇ ನಿರ್ಧರಿಸಿದಂತಾಯಿತು. ಸತ್ಯದ ಪ್ರಶ್ನೆ ಇಲ್ಲಿ ಅಹಿಂಸೆಯ ಪ್ರಶ್ನೆಯೂ ಆಗಿಬಿಡುತ್ತದೆ.

‘ನನ್ನಲ್ಲಿ ಕಪಟವಿರಲಿಲ್ಲ, ಗಣಕಯಂತ್ರ ಕೊಟ್ಟ ಬಣ್ಣವನ್ನೇ ಬಳಸಿದೆ’ ಎಂದು ನಕ್ಷೆಗಾರ ಹೇಳಬಹುದು. ಕಪಟವಿಲ್ಲದಿದ್ದರೆ ಅದು ಕೂಟಲೇಖವಲ್ಲ ನಿಜ. ಆದರೆ ಹಿಂಸೆಯ ಲಕ್ಷಣದಲ್ಲಿ ಹೇಳಿದ ಪ್ರಮತ್ತಯೋಗವನ್ನು ವ್ಯಾಖ್ಯಾನಕಾರರು ಅಸತ್ಯಕ್ಕೂ ಅನ್ವಯಿಸಿದ್ದಾರೆ. ನೋಡಿ ನಡೆಯದವನ ಕಾಲಿನಂತೆ, ವಿಚಾರಿಸದೆ ಬಣ್ಣ ತುಂಬುವವನ ಕೈಯೂ ಪ್ರಮಾದಕ್ಕೆ ಒಳಗಾದುದೇ. ಆದುದರಿಂದ ನಕ್ಷೆಯ ಮೂಲೆಯಲ್ಲಿ ಅಳತೆ, ವಿಧಾನ, ವರ್ಷ, ವರ್ಗಗಳ ಮಿತಿ ಇವುಗಳನ್ನು ಬರೆಯುವುದು ಅಲಂಕಾರವಲ್ಲ. ‘ಈ ಅಪೇಕ್ಷೆಯಿಂದ ಹೀಗಿದೆ’ ಎಂದು ಒಪ್ಪಿಕೊಳ್ಳುವ ಆ ಸಣ್ಣ ಅಕ್ಷರಗಳು ನಕ್ಷೆಯ ‘ಸ್ಯಾತ್’ಪದವೇ ಸರಿ.

ನೋಡುವವನೂ ಹೊಣೆಯಿಂದ ಮುಕ್ತನಲ್ಲ. ತನ್ನ ಪೂರ್ವಗ್ರಹಕ್ಕೆ ಒಪ್ಪುವ ನಕ್ಷೆಯನ್ನು ಪ್ರಶ್ನಿಸದೆ ನಂಬುವುದು, ಒಪ್ಪದುದನ್ನು ಮಾತ್ರ ಶೋಧಿಸುವುದು ಏಕಾಂತಬುದ್ಧಿಯೇ ಆಗಿದೆ. ಯಾವ ಪ್ರಯೋಜನಕ್ಕಾಗಿ ಇದನ್ನು ಬರೆದರು, ಏನನ್ನು ಹಿಗ್ಗಿಸಿದರು, ಯಾರು ಇದರಲ್ಲಿ ಕಾಣದೆ ಹೋದರು ಎಂಬ ಮೂರು ಪ್ರಶ್ನೆಗಳನ್ನು ಶ್ರಾವಕನು ತನಗೆ ಪ್ರಿಯವಾದ ನಕ್ಷೆಯ ಮುಂದೆಯೇ ಮೊದಲು ಕೇಳಬೇಕು.