ದೇವರ ಕಾರ್ಯಕ್ಕೆ ಯಾರ ಅಪ್ಪಣೆ?

ಫೇಸ್‌ಬುಕ್‌ನಲ್ಲಿ ಕಾರ್ಯಕ್ರಮವೊಂದನ್ನು ಹಾಕಲು ಹೋದವರನ್ನು ಅದು ಕೇಳಿಯೇ ಕೇಳುತ್ತದೆ: ಸಾರ್ವಜನಿಕವೋ, ಖಾಸಗಿಯೋ? ಸಾರ್ವಜನಿಕವಾದರೆ ಖಾತೆ ಇಲ್ಲದವರಿಗೂ ಕಾಣುತ್ತದೆ, ಖಾಸಗಿಯಾದರೆ ಕರೆಸಿಕೊಂಡವರಿಗೆ ಮಾತ್ರ. ಬಂದವರು ತಮ್ಮವರನ್ನೂ ಕರೆತರಬಹುದೇ ಎಂಬುದನ್ನೂ ಕರೆದವನೇ ನಿರ್ಧರಿಸಬಹುದು. (ನಮ್ಮ ಲಗ್ನಪತ್ರಿಕೆಗಳು ‘ಸಹಕುಟುಂಬ ಸಪರಿವಾರ’ ಎಂದು ಅಚ್ಚು ಹಾಕಿ ಈ ತಂಟೆಯನ್ನು ಎಂದೋ ಮುಗಿಸಿವೆ.) ವಾಟ್ಸಾಪ್ ಕೂಡ 2024ರಲ್ಲಿ ಗ್ರೂಪಿನೊಳಗೆ ಕಾರ್ಯಕ್ರಮ ಹಾಕುವ ಸೌಲಭ್ಯ ತಂದಿತು, ಗ್ರೂಪಿನ ಹೊರಗಿದ್ದವರಿಗೆ ಅದರ ಸುಳಿವೂ ಸಿಗದು. ಮನೆಯ ತೊಟ್ಟಿಲ ಕಾರ್ಯಕ್ಕೆ, ಹುಟ್ಟುಹಬ್ಬಕ್ಕೆ ಇದರಲ್ಲಿ ತಕರಾರಿಲ್ಲ. ಆದರೆ ಜಾತ್ರೆ, ಭಜನೆ, ದಾಸೋಹ, ಪ್ರವಚನಗಳ ಕರೆಯೂ ಇದೇ ದಾರಿ ಹಿಡಿದಾಗ ಬೇರೊಂದು ಪ್ರಶ್ನೆ ಏಳುತ್ತದೆ. ದೇವರ ಹೆಸರಿನ ಕೂಟ ಯಾರಿಗೆ ತೆರೆದಿರಬೇಕು ಎಂದು ಹೇಳುವ ಅಧಿಕಾರ ಅದನ್ನು ಏರ್ಪಡಿಸಿದವನಿಗೆ ಇದೆಯೇ? ಇಲ್ಲವೆಂಬುದು ನನ್ನ ವಾದ.

ಈಗ ತೆಲಂಗಾಣದಲ್ಲಿರುವ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್ ಸೀಮೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರಂದು ನಾರಾಯಣಖೇಡ ತಾಲ್ಲೂಕು ಬೀದರ್ ಜಿಲ್ಲೆಯಿಂದ ಕಳಚಿ ಮೆದಕ್ ಜಿಲ್ಲೆಗೆ ಸೇರಿತು. ಜಹೀರಾಬಾದ್ ತಾಲ್ಲೂಕೂ ಅತ್ತ ಹೋಯಿತು, ನಿರ್ಣಾ ಸರ್ಕಲ್ ಮಾತ್ರ ಇತ್ತ ಉಳಿಯಿತು. ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಅತ್ತಲಾಯಿತು. ಗುಲ್ಬರ್ಗದಿಂದ ತಾಂಡೂರು ಹೋಯಿತು. ಗೆರೆ ಎಳೆದವರು ಊರುಗಳನ್ನು ಹಂಚಿದರೇ ಹೊರತು ದೇವರನ್ನು ಹಂಚಲಾಗಲಿಲ್ಲ. ಈ ಸೀಮೆಯ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಇಂದಿಗೂ ಕರ್ನಾಟಕ, ಮಹಾರಾಷ್ಟ್ರಗಳಿಂದ ಭಕ್ತರು ನಡೆದುಕೊಳ್ಳುತ್ತಾರೆ. ಅವರಿಗೆ ಯಾರೂ ಆಮಂತ್ರಣ ಕಳಿಸಿದ್ದಲ್ಲ. ಶಿವರಾತ್ರಿ ಬಂತೆಂದರೆ ಅದೇ ಕರೆ. ಇಂಥ ನೆಲದಲ್ಲಿ ಒಂದು ಭಜನೆಯ ಸುದ್ದಿ ಮೊಬೈಲಿನಲ್ಲಿ ಹೊರಟಿತೆನ್ನಿ. ಕನ್ನಡ ಲಿಪಿಯಲ್ಲಿ ಬರೆದರೆ, ಮನೆಯಲ್ಲಿ ಕನ್ನಡವಾಡಿಯೂ ಶಾಲೆಯಲ್ಲಿ ತೆಲುಗು ಕಲಿತ ಹುಡುಗ ಓದಲಾರ. ತೆಲುಗಿನಲ್ಲಿ ಬರೆದರೆ ಔರಾದ ಕಡೆಯ ಬೀಗರಿಗೆ ತಿಳಿಯದು. ಯಾರನ್ನೂ ಬೇಡವೆನ್ನದೆಯೇ ಅರ್ಧ ಜನ ಹೊರಗುಳಿದರು. ಕೂಗಿ ಹೇಳುವ ಡಂಗುರಕ್ಕೆ ಲಿಪಿಯ ಹಂಗಿರಲಿಲ್ಲ.

ಇಲ್ಲಿ ನಿಜವಾಗಿ ಬದಲಾದದ್ದು ಬಾಗಿಲಲ್ಲ, ತಿಳಿವಳಿಕೆ. ಮೊದಲು ಲಗ್ನಕ್ಕೆ ಕರೆಯದಿದ್ದರೂ ಹಂದರ ಕಣ್ಣಿಗೆ ಬೀಳುತ್ತಿತ್ತು, ಬಾಜಾಬಜಂತ್ರಿ ಕಿವಿಗೆ ಬೀಳುತ್ತಿತ್ತು. ‘ನನ್ನನ್ನೇಕೆ ಬಿಟ್ಟಿರಿ’ ಎಂದು ನಾಲ್ಕು ಜನರೆದುರು ಕೇಳುವ ದಾರಿ ಇತ್ತು, ಆ ಕೇಳುವಿಕೆಗೆ ಕರೆಯುವವನೂ ಅಂಜುತ್ತಿದ್ದ. ಗ್ರೂಪಿನ ಸುದ್ದಿ ಆ ಅಂಜಿಕೆಯನ್ನೇ ತೆಗೆದುಹಾಕಿದೆ. ಒಂದು ಗ್ರೂಪಿನಲ್ಲಿ 1,024 ಜನರಿರಬಹುದು, ಸಣ್ಣ ಹಳ್ಳಿಯ ಮನೆಗೊಬ್ಬರನ್ನು ಸೇರಿಸಲು ಅದು ಧಾರಾಳ ಸಾಕು. ಆದರೂ ಗ್ರೂಪುಗಳು ಹುಟ್ಟುವುದು ಓಣಿಗೊಂದು, ಜಾತಿಗೊಂದು. ಪ್ರಸಾದದ ಸುದ್ದಿ ಅಲ್ಲೇ ತಿರುಗಿದರೆ, ಗುಡಿಯ ಬಾಗಿಲು ಹಾರುಹೊಡೆದಿದ್ದರೂ ಅದು ಖಾಸಗಿ ಕಾರ್ಯಕ್ರಮವೇ.

ಹಳೆಯದನ್ನು ಹೊಗಳುವುದು ಸಲೀಸು ಎಂದು ಯಾರಾದರೂ ಅಡ್ಡ ಬಂದಾರು, ಬರಲೂಬೇಕು. ಊರಿಗೆಲ್ಲ ಜಾತ್ರೆ ಸಾರುವ ಹಲಗೆ ಯಾರ ಹೆಗಲಲ್ಲಿತ್ತು? ಸಾರಿದವನೇ ಗುಡಿಯ ಕಟ್ಟೆ ಹತ್ತುವಂತಿರಲಿಲ್ಲ. ತೆಲುಗು ಸೀಮೆಯಲ್ಲಿ 1994ರಲ್ಲಿ ಎದ್ದ ಮಾದಿಗ ದಂಡೋರ (ಡಂಗುರ) ಚಳವಳಿ ಆ ಚಾಕರಿಯ ಹೆಸರನ್ನೇ ಹಕ್ಕಿನ ಹೆಸರಾಗಿ ತಿರುಗಿಸಿತು. ಹಾಗಾಗಿ ಡಂಗುರದ ಕಾಲ ಎಲ್ಲರಿಗೂ ತೆರೆದಿತ್ತೆಂದು ನಾನು ಹೇಳಲಾರೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಗುಡಿಯ ಬಾಗಿಲು ಗುಡಿ ನಡೆಸುವವರ ಮರ್ಜಿಗೆ ಬಿಟ್ಟಿದ್ದರಿಂದಲೇ ಅಲ್ಲವೇ ಆ ಅನ್ಯಾಯ ನಡೆದದ್ದು?

ಈ ಜಗಳ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿದೆ. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಸಮಾಜದ್ದು. 1947ರ ಮದರಾಸು ದೇವಾಲಯ ಪ್ರವೇಶ ಕಾಯಿದೆ ತಮಗೆ ಅನ್ವಯಿಸದು, ಇದು ನಮ್ಮ ಪಂಗಡದ ಗುಡಿ ಎಂದು ಅದರ ಆಡಳಿತದವರು ದಾವೆ ಹೂಡಿದರು. 1957ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಎರಡೂ ಕಡೆಯ ಮಾತನ್ನು ತೂಗಿ ನೋಡಿತು. ಗುಡಿ ಪಂಗಡದ್ದೇ ಹೌದು ಎಂದಿತು. ಆದರೆ ಹಿಂದೂಗಳೆಲ್ಲರಿಗೂ ಸಾರ್ವಜನಿಕ ದೇವಸ್ಥಾನಗಳ ಬಾಗಿಲು ತೆರೆಯಿಸುವ ಸಂವಿಧಾನದ 25ನೇ ವಿಧಿಯ ಮಾತು, ಪಂಗಡದ ಹಕ್ಕು ಹೇಳುವ 26ನೇ ವಿಧಿಗಿಂತ ಮೇಲು ಎಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಸಮಾಜದವರು ತಮ್ಮಷ್ಟಕ್ಕೆ ನಡೆಸಿಕೊಳ್ಳಬಹುದು. ಅದಾದ ಮೇಲೂ ಉಳಿದವರ ಪಾಲಿಗೆ ಪೂಜೆಯ ಸಾರವೇ ಉಳಿದಿರಬೇಕು. ಸಾಮಾಜಿಕ ಜಾಲಗಳ ‘ಸಾರ್ವಜನಿಕ, ಖಾಸಗಿ’ ಗುಂಡಿಗಿಂತ ಈ ಅಳತೆ ಎಷ್ಟೋ ಸೂಕ್ಷ್ಮ. ಗುಂಡಿ ಕೇಳುವುದು ‘ಯಾರನ್ನು ಬಿಡಲಿ’ ಎಂದು. ತೀರ್ಪು ಕೇಳುವುದು ‘ಹೊರಗುಳಿದವನ ಕೈಗೆ ಏನು ಉಳಿಯಿತು’ ಎಂದು. ಧರ್ಮದ ಮಾತಿನಲ್ಲಿ ಎರಡನೆಯದೇ ಸರಿಯಾದ ಪ್ರಶ್ನೆ.

ಖಾಸಗಿತನವೆಂಬುದು ರಕ್ಷಣೆಯೂ ಹೌದಲ್ಲವೇ ಎಂಬ ಮಾತು ಉಳಿಯಿತು. ನಿಜ. 2012ರಲ್ಲಿ ನೆದರ್ಲೆಂಡ್ಸ್‌ನ ಹಾರೆನ್ ಪಟ್ಟಣದಲ್ಲಿ ಹುಡುಗಿಯೊಬ್ಬಳ ಹದಿನಾರನೆಯ ಹುಟ್ಟುಹಬ್ಬದ ಕರೆ ಫೇಸ್‌ಬುಕ್‌ನಲ್ಲಿ ಕಣ್ತಪ್ಪಿನಿಂದ ಸಾರ್ವಜನಿಕವಾಗಿ, ಸಾವಿರಾರು ಮಂದಿ ನುಗ್ಗಿ ದೊಂಬಿಯಾಯಿತು. ಮನೆಗೆ ಹೊಸ್ತಿಲು ಬೇಕೇ ಬೇಕು. ಶರಣರ ಮಹಾಮನೆಗೂ ಲಿಂಗಧಾರಣೆಯೆಂಬ ಹೊಸ್ತಿಲಿತ್ತಲ್ಲ ಎಂದೂ ಕೇಳಬಹುದು. ಇತ್ತು. ಆದರೆ ಅದು ಬಯಸಿದವನು ದಾಟಬಹುದಾದ ಹೊಸ್ತಿಲು, ಹುಟ್ಟಿನಲ್ಲೇ ಹಾಕಿದ ಅಗುಳಿಯಲ್ಲ. ಗ್ರೂಪಿನಲ್ಲಿ ಯಾರಿರಬೇಕೆಂದು ಅಡ್ಮಿನ್ ಒಬ್ಬ ಆರಿಸುವಾಗ ಬಯಸಿದವನಿಗೆ ಯಾವ ದಾರಿಯೂ ಇಲ್ಲ, ಏಕೆಂದರೆ ಬಯಸಲು ಏನಿದೆಯೆಂಬುದೇ ಅವನಿಗೆ ಗೊತ್ತಿಲ್ಲ.

ಮನೆಯ ಕಾರ್ಯವನ್ನು ಬೇಕಾದಷ್ಟು ಖಾಸಗಿ ಮಾಡಿಕೊಳ್ಳಿ, ಕೇಳುವವರಿಲ್ಲ. ಊರ ವರಗಣಿ ಎತ್ತಿ ನಡೆಸುವ ಜಾತ್ರೆಯ, ದಾಸೋಹದ ಸುದ್ದಿಯನ್ನು ಗ್ರೂಪಿಗೆ ಹಾಕುವವರು ಮಾತ್ರ, ಅದು ಯಾವ ಓಣಿಯನ್ನು ಮುಟ್ಟಿಲ್ಲವೆಂದು ಒಮ್ಮೆ ನೋಡಿ, ಅಲ್ಲಿಗೆ ಹೋಗಿ ಬಾಯಿಬಿಟ್ಟು ಹೇಳಿಬನ್ನಿ.