ಮಗುವಿನ ಮುಖಕ್ಕೆ ಯಾರು ಧಣಿ?

ಮಗು ಬೆಳೆದು ತಾನೇ ಒಪ್ಪುವ ತನಕ ಅದರ ಫೋಟೊ ತೆಗೆಯಬಾರದು, ತೆಗೆದರೂ ಯಾರಿಗೂ ತೋರಿಸಬಾರದು ಎಂಬ ಮಾತು ಈಚೆಗೆ ಓದಿಕೊಂಡ ಎಳೆಯ ತಂದೆತಾಯಿಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಕೊಟ್ಟೂರೇಶ್ವರನ ತೇರಿಗೆ ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗನೂ ಅದನ್ನೇ ಹೇಳಿದ: “ಕಾಕಾ, ಪಾಪುಂದು ಫೋಟೊ ಬ್ಯಾಡ. ನಾಳೆ ಅವಳು ದೊಡ್ಡೋಳಾಗಿ ಕೇಳಿದ್ರೆ ನಾನೇನು ಹೇಳ್ಲಿ?” ಮೊಮ್ಮಗಳನ್ನು ಎತ್ತಿಕೊಂಡು ಕ್ಯಾಮೆರಾದ ಮುಂದೆ ನಿಂತಿದ್ದ ಅತ್ತಿಗೆಯ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂತು. ಹಕ್ಕಿನ ಮಾತು ಸರಿಯಿದ್ದೂ ಅಜ್ಜಿಯೊಬ್ಬಳನ್ನು ಅಪರಾಧಿಯಂತೆ ನಿಲ್ಲಿಸುವುದಾದರೆ, ಆ ಮಾತಿನೊಳಗೆ ಎಲ್ಲೋ ಲೆಕ್ಕ ತಪ್ಪಿರಬೇಕು ಅನ್ನಿಸಿತು.

ತಂದೆತಾಯಿಯ ಹೊಣೆಯ ಬಗ್ಗೆ ನಮ್ಮಲ್ಲಿ ಹೇಳಿಕೊಂಡು ಬಂದ ಪಿತೃಋಣದ ಮಾತು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಅದು ಮಕ್ಕಳು ತೀರಿಸಬೇಕಾದ ಸಾಲದ ಮಾತು. ಸುಖದುಃಖಗಳನ್ನು ಕೂಡಿ ಕಳೆದು ಸರಿತಪ್ಪು ಹೇಳುವ ಪಶ್ಚಿಮದ ಲೆಕ್ಕಾಚಾರವೂ ಬೇಡ. ಆರು ತಿಂಗಳ ಕೂಸಿನ ಸುಖವನ್ನು ಅಳೆಯುವವರು ಯಾರು? ಅಣ್ಣನ ಮಗನ ಹಿಂದೆ ನಿಂತಿರುವ ನಿಜವಾದ ಎದುರಾಳಿ ಜೋಯಲ್ ಫೈನ್‌ಬರ್ಗ್ ಎಂಬ ಅಮೆರಿಕದ ತತ್ವಜ್ಞಾನಿ. ಅವನ ಹೆಸರನ್ನು ನಮ್ಮ ಹುಡುಗ ಕೇಳಿರಲಾರ, ಆದರೆ ಆಡಿದ್ದು ಅವನದೇ ವಾದ.

ಮಗುವಿಗೆ ತೆರೆದ ಭವಿಷ್ಯದ ಹಕ್ಕಿದೆ ಎಂದು ಫೈನ್‌ಬರ್ಗ್ 1980ರಲ್ಲಿ ಬರೆದ. ದೊಡ್ಡವರಿಗೆ ಮಾತ್ರ ಚಲಾಯಿಸಲು ಸಾಧ್ಯವಾಗುವ ಕೆಲವು ಹಕ್ಕುಗಳನ್ನು ಮಗುವಿನ ಪರವಾಗಿ ಠೇವಣಿ ಇಟ್ಟಂತೆ ಕಾಯ್ದಿಡಬೇಕು. ನಾಳೆ ಅದು ಆರಿಸಿಕೊಳ್ಳಬಹುದಾದ ದಾರಿಯನ್ನು ಇಂದೇ ಮುಚ್ಚಿದರೆ ಆ ಹಕ್ಕು ಮುರಿದಂತೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಎಂಟನೇ ತರಗತಿಯಾದ ಮೇಲೆ ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲವೆಂದ ಆಮಿಷ್ ಪಂಥದ ಪೋಷಕರ ಪರ ತೀರ್ಪು ಕೊಟ್ಟಿತ್ತು. ಅಂಥ ಪ್ರಕರಣಗಳನ್ನು ಎದುರಿಗಿಟ್ಟುಕೊಂಡು ಅವನು ಕೇಳಿದ: ಇದರಲ್ಲಿ ಮಗುವಿನ ನಾಳೆಯ ಪಾಲೆಷ್ಟು? ಗಟ್ಟಿ ಪ್ರಶ್ನೆ. ಹದಿಮೂರರ ಹುಡುಗಿಯನ್ನು ಶಾಲೆ ಬಿಡಿಸಿ ಮದುವೆಗೆ ಸಿದ್ಧಪಡಿಸುವ ಮನೆಗಳನ್ನು ನನ್ನ ಮೇಷ್ಟರಗಿರಿಯಲ್ಲಿ ಕಂಡಿದ್ದೇನೆ. ಅಲ್ಲೆಲ್ಲ ನಾನು ಪೂರ್ತಿ ಫೈನ್‌ಬರ್ಗ್ ಕಡೆಯವನು.

ಆದರೆ ಫೋಟೊದ ವಿಷಯಕ್ಕೆ ಬಂದಾಗ ಅವನ ಚಿತ್ರದಲ್ಲಿ ಏನೋ ಕೊರೆ ಕಾಣುತ್ತದೆ. ತಂದೆತಾಯಿ ಅಲ್ಲಿ ಠೇವಣಿಯ ಕಾವಲುಗಾರರು. ಕಾವಲುಗಾರ ಒಡವೆಯನ್ನು ಮುಟ್ಟದೆ ಇದ್ದಷ್ಟೂ ಒಳ್ಳೆಯವನು. ಮಗುವಿನ ಸಂಗತಿ ಹಾಗಲ್ಲ. ನೋಡುವವರಿಲ್ಲದೆ, ಹೆಸರಿಟ್ಟು ಕರೆಯುವವರಿಲ್ಲದೆ, ‘ನೀನು ಹೀಗಿದ್ದೆ, ಹೀಗೆ ಅತ್ತೆ, ಹೀಗೆ ಬಿದ್ದೆ’ ಎಂದು ಹೇಳುವವರಿಲ್ಲದೆ ಯಾವ ಮಗುವೂ ‘ನಾನು’ ಆಗುವುದಿಲ್ಲ. ನನ್ನ ಮಗಳಿಗೆ ತನ್ನ ಮೂರನೇ ವರ್ಷದ ನೆನಪಿಲ್ಲ. ಹಡಗಲಿಯ ಅತ್ತೆಮನೆಯ ಹಿತ್ತಲಲ್ಲಿ ಮಲ್ಲಿಗೆ ಮೊಗ್ಗನ್ನು ಮೂಗಿಗೆ ತುರುಕಿಕೊಂಡು ಅಳುತ್ತಿರುವ ಫೋಟೊ ಇದೆ. ಆ ಕಥೆಯನ್ನು ಈಗ ಅವಳೇ ಹೇಳುತ್ತಾಳೆ, ತನ್ನದೇ ನೆನಪೆಂಬಂತೆ. ನಾನು ಅವಳ ನಾಳೆಯಿಂದ ಏನನ್ನೂ ಕದ್ದಿಲ್ಲ. ಅವಳ ನಿನ್ನೆಯನ್ನು ಅವಳಿಗೆ ಕೊಟ್ಟಿದ್ದೇನೆ.

ಇದನ್ನು ನಮ್ಮ ಕಡೆಯವರು ಇನ್ನೂ ಚೆನ್ನಾಗಿ ತಿಳಿಯಬೇಕು. ದೇವದಾಸಿ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿತು. ಆಮೇಲೂ ಅದು ಗುಟ್ಟಾಗಿ ಉಳಿದ ಸೀಮೆಯಲ್ಲಿ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿವೆ. ಶಾಲೆಯ ದಾಖಲಾತಿ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸುವ ತಾಯಂದಿರ ಎದುರು ನಾನು ಕೂತಿದ್ದೇನೆ. ಆ ಮಕ್ಕಳಿಗೆ ಅಪ್ಪನ ಹೆಸರಿಲ್ಲ, ಅಪ್ಪನ ಜೊತೆಗಿನ ಒಂದು ಫೋಟೊ ಇಲ್ಲ. ಯಾರೂ ಏನನ್ನೂ ಬರೆಯದೆ ಬಿಟ್ಟ ಹಾಳೆ ಅದು. ಅಷ್ಟರಿಂದ ಅವರ ಭವಿಷ್ಯ ಹೆಚ್ಚು ತೆರೆದುಕೊಂಡಿತೇ? ‘ಸಾರ್, ನಾನು ಯಾರ ಹಂಗದೀನಿ?’ ಎಂದು ಅಂಥ ಹುಡುಗಿಯೊಬ್ಬಳು ಕೇಳಿದಾಗ ಉತ್ತರ ಗೊತ್ತಿದ್ದ ಗಂಡಸು ಅದೇ ಊರಲ್ಲಿ ಓಡಾಡುತ್ತಿದ್ದ.

ಫೈನ್‌ಬರ್ಗ್ ಇದ್ದಿದ್ದರೆ, ತೆರೆದದ್ದು ಅಂದರೆ ಖಾಲಿ ಎಂದು ತಾನೆಲ್ಲೂ ಹೇಳಿಲ್ಲ ಎನ್ನುತ್ತಿದ್ದ. ನ್ಯಾಯವಾದ ಮಾತು. ಶೂನ್ಯದಿಂದ ಯಾರೂ ತನ್ನನ್ನು ತಾನು ಕಟ್ಟಿಕೊಳ್ಳಲಾರ, ಮಗುವಿನಲ್ಲಿ ಆಗಲೇ ಮೂಡಿರುವ ಒಲವನ್ನು ಹಿಡಿದೇ ಬೆಳೆಸಬೇಕು ಎಂದು ಅವನೇ ಅದೇ ಲೇಖನದಲ್ಲಿ ಒಪ್ಪಿದ್ದಾನೆ. ಹಾಗಾದರೆ ನನ್ನ ಜಗಳ ಅವನ ಶಿಷ್ಯರ ಜೊತೆ ಇರಬಹುದು. ಮನೆಯೊಳಗಿನ ಫೋಟೊಕ್ಕೂ ಸರ್ಕಲ್ಲಿನ ಫ್ಲೆಕ್ಸಿಗೂ ಭೇದ ಮಾಡದವರ ಜೊತೆ.

ಆ ಭೇದವನ್ನು ನಾವು ಹವ್ಯಾಸಿ ಛಾಯಾಗ್ರಾಹಕರೂ ಮಾಡುತ್ತಿಲ್ಲ ಎಂಬುದನ್ನೂ ಹೇಳಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ರಾಮ್ಸಾರ್ ತಾಣವಾಯಿತು. ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿ ನಾವು ದೂರದ ಲೆನ್ಸ್ ಹಾಕಿಕೊಂಡು ದಂಡೆಯ ಮೇಲೇ ಕೂರುತ್ತೇವೆ. ಗೂಡಿನ ಹತ್ತಿರ ಹೋದರೆ ತಾಯಿಹಕ್ಕಿ ಎದ್ದು ಹೋಗಿ ಮರಿ ಬಿಸಿಲಿಗೆ ಬಾಡುತ್ತದೆ ಎಂದು ಹೊಸಬರಿಗೆ ಗದರಿಸಿ ಹೇಳುತ್ತೇವೆ. ಅದೇ ನಾವು ಮೈಲಾರದ ಜಾತ್ರೆಯಲ್ಲಿ ಗೊರವಯ್ಯನ ವೇಷ ಹಾಕಿದ ಐದು ವರ್ಷದ ಹುಡುಗನ ಮುಖಕ್ಕೆ ಕ್ಯಾಮೆರಾ ತಾಗಿಸಿ ಸ್ಪರ್ಧೆಗೆ ಕಳಿಸುತ್ತೇವೆ. ಕೊಕ್ಕರೆ ಮರಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅದಕ್ಕೆ ಏನಾಗುತ್ತದೆ ಎಂಬುದು ಗೊತ್ತಿದ್ದುದರಿಂದ ದೂರ ನಿಂತೆವು. ಸಂಯಮಕ್ಕೆ ಒಪ್ಪಿಗೆಯ ಸಿದ್ಧಾಂತವೇ ಬೇಕಿಲ್ಲ, ಕೇಡಿನ ತಿಳಿವಳಿಕೆ ಸಾಕು ಎಂದು ನಾನು ವಾದಿಸಬಹುದು.

ಸಾಕೇ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಕ್ಕಳು ಅಂತರ್ಜಾಲದಲ್ಲಿ ಬಿಟ್ಟ ಹೆಜ್ಜೆಗಳು ಜೀವನಪೂರ್ತಿ ಅವರ ಬೆನ್ನು ಹತ್ತಬಾರದು ಎಂದು ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದರು. ಆದರೆ 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟರೊಳಗಿನವರ ಒಪ್ಪಿಗೆಯನ್ನು ತಂದೆತಾಯಿಯ ಕೈಗೇ ಕೊಟ್ಟಿತು. ವ್ಯಕ್ತಿಯೊಬ್ಬ ಮನೆಯ, ಸ್ವಂತದ ಉಪಯೋಗಕ್ಕೆ ಮಾಡುವುದನ್ನು ತನ್ನ ಹಿಡಿತದಿಂದ ಬಿಟ್ಟಿತು. ಅಂದರೆ ಅಪ್ಪನೇ ಕ್ಯಾಮೆರಾ ಹಿಡಿದಾಗ ಮಗುವಿನ ಪರ ನಿಲ್ಲಲು ಈ ಕಾಯಿದೆ ಬರುವುದಿಲ್ಲ. ಕೇಡು ಯಾವುದೆಂದು ತೀರ್ಮಾನಿಸುವವನೂ ಆ ಅಪ್ಪನೇ. ಇಲ್ಲಿ ನನ್ನ ವಾದದ ಬುಡ ಸ್ವಲ್ಪ ಸಡಿಲವಾಗುತ್ತದೆ.

ಇನ್ನೂ ಸಡಿಲಗೊಳಿಸಿದವನು ನಮ್ಮ ಶಾಲೆಯ ಮೂರನೇ ತರಗತಿಯ ಹುಡುಗ. ಕೂಡ್ಲಿಗಿ ಕಡೆಯ ತಾಂಡಾದವನು. ದೀಪಾವಳಿ ಕಳೆದ ಮೇಲೆ ಅವನ ಅಪ್ಪ ಅವ್ವ ಮುಂಗಡ ತಗೊಂಡು ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಹುಡುಗ ಅಜ್ಜಿಯ ಹತ್ತಿರ ಇರುತ್ತಾನೆ. ನಾನು ಅವನ ಫೋಟೊ ತೆಗೆದು ಅಪ್ಪನ ಫೋನಿಗೆ ಕಳಿಸುತ್ತಿದ್ದೆ. ಫೋಟೊವನ್ನು ವಿರೋಧಿಸುವವರಿಗೆಲ್ಲ ನಾನು ಕೊಡುತ್ತಿದ್ದ ಉದಾಹರಣೆ ಇದೇ: ಬಡವರ ಮಕ್ಕಳಿಗೆ ಫೋಟೊ ಹೆಚ್ಚಾಗಿಲ್ಲ, ಕಡಿಮೆಯಾಗಿದೆ, ದೂರದಲ್ಲಿರುವ ಅಪ್ಪನ ಹೊಣೆ ಕೊನೆಗೆ ಉಳಿದುಕೊಂಡಿರುವುದು ಆ ನೋಟದಲ್ಲೇ. “ಮಕ ನೋಡಿದ್ರೇನೇ ನಿದ್ದಿ ಹತ್ತೋದು ಸಾರ್” ಎಂದು ಆತ ಹೇಳುತ್ತಿದ್ದ.

ಒಂದು ದಿನ ಹುಡುಗ ಮುಖ ತಿರುಗಿಸಿ ನಿಂತ. “ಫೋಟೊ ಬ್ಯಾಡ್ರಿ ಸಾರ್. ನೀವು ಕಳಸ್ತೀರಿ, ಅವ್ರು ನೋಡ್ತಾರೆ, ಅದ್ಕೇ ಬರಾದಿಲ್ಲ.”

ಫೈನ್‌ಬರ್ಗ್‌ನ ಠೇವಣಿಯಲ್ಲಿ ಈ ‘ಬ್ಯಾಡ’ಕ್ಕೆ ಜಾಗವಿಲ್ಲ. ಹುಡುಗ ಕಾಯುತ್ತಿರುವುದು ದೊಡ್ಡವನಾದ ಮೇಲಿನ ತನ್ನ ಹಕ್ಕನ್ನಲ್ಲ. ಅವನಿಗೆ ಇವತ್ತೇ ಅಪ್ಪ ಅವ್ವ ಬೇಕು. ನಾಳೆಯ ವಯಸ್ಕನ ಚಿಂತೆಯಲ್ಲಿ ಇಂದಿನ ಮಗುವನ್ನು ಮರೆಯುವುದೇ ಫೈನ್‌ಬರ್ಗ್‌ನ ದೋಷ ಎಂದು ಇಲ್ಲಿ ಗೆದ್ದಂತೆ ಹೇಳಬಹುದಿತ್ತು. ಆದರೆ ನೋಡುವುದೇ ಹೊಣೆಯ ಮೊದಲ ರೂಪ ಎಂದು ನಾನು ಹಿಡಿದಿದ್ದ ಮಾತು ಅದೇ ಏಟಿಗೆ ಅಲ್ಲಾಡಿದೆ. ಹುಡುಗನ ಪ್ರಕಾರ, ಮಾಡಬೇಕಾದ್ದನ್ನು ಮಾಡದೆ ನಿಭಾಯಿಸಲು ಅಪ್ಪನಿಗೆ ನಾನು ಒದಗಿಸುತ್ತಿರುವ ದಾರಿ ಆ ಫೋಟೊ. ಹಾಗೆಂದು ಮುಂಗಡದ ಸಾಲ ತೀರದೆ ಆ ಅಪ್ಪ ಬರಲಾರ; ಫೋಟೊ ನಿಲ್ಲಿಸಿದರೆ ಶಿಕ್ಷೆ ಆಗುವುದು ಅವನಿಗೆ, ಸಾಲ ಕೊಟ್ಟ ಮೇಸ್ತ್ರಿಗಲ್ಲ. ಎಂಟು ವರ್ಷದವನ ನಿರಾಕರಣೆಯನ್ನು ಗೌರವಿಸಬೇಕು ಎಂದರೆ, ಅವನು ಅದರಿಂದ ಬಯಸುವ ಫಲ ಸಿಗುವುದಿಲ್ಲ ಎಂದು ಗೊತ್ತಿದ್ದೂ ಗೌರವಿಸಬೇಕೇ? ಅಣ್ಣನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಹುಡುಗನ ಮಾತೇ ನಡೆಯಬೇಕು ಎಂದ ಅವನು, ಸ್ವಲ್ಪ ಹೊತ್ತು ಬಿಟ್ಟು, ಆ ಅಪ್ಪ ಕೇಳಿದರೆ ಏನು ಹೇಳುತ್ತೀರಿ ಎಂದ. ಈ ವಾರ ಆತ ಕೇಳಿದ್ದಾನೆ. ನಾನಿನ್ನೂ ಏನೂ ಕಳಿಸಿಲ್ಲ.