ಅಣ್ಣ ಹಾಕಿದ ಸಹಿ

ದೊಡ್ಡಪ್ಪ ಹನ್ನೊಂದು ದಿನ ವೆಂಟಿಲೇಟರಿನಲ್ಲಿದ್ದರು. ಹನ್ನೆರಡನೆಯ ದಿನ ಬೆಳಿಗ್ಗೆ ಐಸಿಯು ಬಾಗಿಲಲ್ಲಿ ಡಾಕ್ಟರು ಅವರ ಮಗನ, ಅಂದರೆ ನಮ್ಮ ಅಣ್ಣನ, ಹೆಗಲ ಮೇಲೆ ಕೈಯಿಟ್ಟು, ‘ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನ ಇಲ್ಲ, ಮನೆಗೆ ಕರ್ಕೊಂಡು ಹೋಗ್ಬಿಡಿ’ ಎಂದರು. ಕೆಳಗೆ ಬಿಲ್ಲಿಂಗ್ ಕೌಂಟರಿನಲ್ಲಿ ಕೊಟ್ಟ ಕಾಗದದಲ್ಲಿ ಬೇರೆಯೇ ಇತ್ತು: ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ. ಅಣ್ಣ ಅದನ್ನು ಎರಡು ಸಲ ಓದಿದ. ‘ಹೇಳಿದ್ದೇ ಅವರಲ್ವೇನೋ?’ ಎಂದು ನನ್ನ ಮುಖ ನೋಡಿದ. ಕೌಂಟರಿನ ಹುಡುಗಿ ಪೆನ್ನು ಮುಂದೆ ಮಾಡಿದಳು. ದಾರಿಯುದ್ದಕ್ಕೂ ಆಂಬುಲೆನ್ಸಿನಲ್ಲಿ ಆಂಬು ಬ್ಯಾಗ್ ಒತ್ತುತ್ತ ಬಂದ ಹುಡುಗ, ಮನೆಯ ನಡುಮನೆಯಲ್ಲಿ ದೊಡ್ಡಪ್ಪನನ್ನು ಮಲಗಿಸಿ ಟ್ಯೂಬ್ ತೆಗೆದ. ಅರ್ಧ ಗಂಟೆ ಇದ್ದರು.

ಅದಾಗಿ ಒಂಬತ್ತು ವರ್ಷ. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ‘ಇನ್ನೆರಡು ದಿನ ನೋಡಬಹುದಿತ್ತೇನೋ’ ಎಂದರೆ ಅಣ್ಣ ಎಲೆ ಅಡಿಕೆ ಅಲ್ಲೇ ಬಿಟ್ಟು ಎದ್ದು ಹೋಗುತ್ತಾನೆ.

ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದಾಗ ನನಗೆ ಮೊದಲು ನೆನಪಾದದ್ದು ಆ ಕಾಗದ. ಊರೆಲ್ಲ ‘ದಯಾಮರಣ ಬಂತಂತೆ’ ಎಂದು ಮಾತಾಡಿಕೊಂಡಿತು. ಇದು ಅದಲ್ಲ ಎಂದು ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಬೇಕಾಯಿತು. ಗುಣವಾಗುವ ಆಸೆಯೇ ಉಳಿಯದ ರೋಗಿಗೆ ಯಂತ್ರಗಳಿಂದ ಉಸಿರನ್ನು ಎಳೆದು ನಿಲ್ಲಿಸುವುದು ಬೇಡ ಎಂದು ತೀರ್ಮಾನಿಸುವ ದಾರಿಯಷ್ಟೇ ಅಲ್ಲಿರುವುದು. ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು, ಇದು ಮೊದಲ ಮಂಡಳಿ. ಅವರು ಹೇಳಿದ್ದನ್ನು ಪರಿಶೀಲಿಸಲು ಬೇರೆ ಇಬ್ಬರು ತಜ್ಞರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರಿರುವ ಎರಡನೆಯ ಮಂಡಳಿ. ಮನೆಯವರ ಒಪ್ಪಿಗೆ ಬೇಕೇ ಬೇಕು. ಯಂತ್ರ ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟರೇ ಬಂದು ರೋಗಿಯನ್ನು ನೋಡಬೇಕೆಂದಿತ್ತು, ಎರಡನೆಯ ಮಂಡಳಿಯನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು. ಖಾತೆ ಬದಲಾವಣೆಗೇ ಆರು ತಿಂಗಳು ಅಲೆಯುವ ನಮಗೆ ಅದು ಆಗುಹೋಗುವ ಮಾತಾಗಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು.

ಈ ಕಾನೂನಿನ ಬೇರು ಹಿಡಿದು ಹೋದರೆ ಉತ್ತರ ಕನ್ನಡದ ಹಳದೀಪುರ ಸಿಗುತ್ತದೆ. ಅಲ್ಲಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್‌ನಲ್ಲಿ ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಕತ್ತು ಬಿಗಿದು, ಅತ್ಯಾಚಾರ ಎಸಗಿದ. ಆಕೆ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಆಕೆಗೆ ಊಟ ಕೊಡುವುದನ್ನು ನಿಲ್ಲಿಸಿ ಎಂದು ಲೇಖಕಿ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ‘ನಮ್ಮ ಅರುಣಾಳನ್ನು ನಾವು ನೋಡಿಕೊಳ್ಳುತ್ತೇವೆ’ ಎಂದು ಆಸ್ಪತ್ರೆಯ ನರ್ಸುಗಳು, ಸಿಬ್ಬಂದಿ ನಿಂತರು. ಮೀನು, ಕೋಳಿ ಸೂಪು ಕೊಟ್ಟರೆ ಮುಖ ಅರಳುತ್ತದೆ ಎಂಬುದು ಕೂಡ ಕೋರ್ಟಿನ ದಾಖಲೆಗೆ ಬಂತು. ಕರಾವಳಿಯ ಹೆಣ್ಣುಮಗಳು, ಬೇರೆಲ್ಲ ಮರೆತರೂ ನಾಲಿಗೆ ಮೀನನ್ನು ಮರೆಯಲಿಲ್ಲ. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿ ತಳ್ಳಿಹಾಕಿತು. ಆಕೆಯ ಪರ ಮಾತಾಡುವ ಹಕ್ಕು ಇಷ್ಟು ವರ್ಷ ಉಣಿಸಿ ತೊಳೆದವರದು ಎಂದಿತು. ಇಂಥ ಬೇರೆ ರೋಗಿಗಳಿಗೆ, ಹೈಕೋರ್ಟು ಒಪ್ಪಿದರೆ, ಚಿಕಿತ್ಸೆ ನಿಲ್ಲಿಸಬಹುದು ಎಂಬ ಬಾಗಿಲು ತೆರೆದದ್ದೂ ಅದೇ ತೀರ್ಪು. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು.

ಅದಕ್ಕೇ ನನಗೊಂದು ತಕರಾರಿದೆ. ಈಗಿನ ಎರಡು ಮಂಡಳಿಗಳಲ್ಲಿ ನರ್ಸಿಗೆ ಒಂದು ಕುರ್ಚಿಯಿಲ್ಲ. ತಜ್ಞರು ಫೈಲು ನೋಡುತ್ತಾರೆ, ಸ್ಕ್ಯಾನ್ ನೋಡುತ್ತಾರೆ. ಕಫ ತೆಗೆಯುವಾಗ ದೊಡ್ಡಪ್ಪನ ಕಣ್ಣಂಚಲ್ಲಿ ನೀರು ಬರುತ್ತಿದ್ದುದನ್ನು ನೋಡಿದವರು ರಾತ್ರಿ ಪಾಳಿಯ ಸಿಸ್ಟರ್ ಮಾತ್ರ.

ಮೊನ್ನೆ ನಾನೂ, ನನಗೆ ಅಂಥ ಸ್ಥಿತಿ ಬಂದರೆ ಯಂತ್ರ ಬೇಡ ಎಂದು ಒಂದು ಪುಟ ಬರೆದು ನೋಟರಿ ಬಳಿ ಹೋಗಿದ್ದೆ. ಕೈಗೆತ್ತಿಕೊಂಡವರೇ ‘ಸರ್ವೆ ನಂಬರ್ ಹಾಕಿಲ್ವಲ್ಲ ಸಾರ್?’ ಎಂದರು. ಉಯಿಲೇ, ಆದರೆ ಜಮೀನಿನದಲ್ಲ, ಐಸಿಯುವಿನದು ಎಂದು ವಿವರಿಸುವಷ್ಟರಲ್ಲಿ ಸಾಕಾಯಿತು. ನನಗೆ ಮಾತು ನಿಂತಾಗ ನನ್ನ ಪರ ಮಾತಾಡುವವರ ಹೆಸರು ಅದರಲ್ಲಿ ಇರಬೇಕು. ಆ ಜಾಗ ಖಾಲಿ ಬಿಟ್ಟು ಅಣ್ಣನ ಮನೆಗೆ ಹೋದೆ.

‘ಬೇಡಪ್ಪ, ಒಂದು ಸಲ ಆಗಿದೆ’ ಎಂದ.

ಅತ್ತಿಗೆ ಕಾಫಿ ತಂದಿಟ್ಟರು. ಲೋಟ ಅರ್ಧವಾದ ಮೇಲೆ ಅಣ್ಣ ಕಾಗದ ಎಳೆದುಕೊಂಡು ಎರಡು ಸಲ ಓದಿದ.

‘ಇದ್ರಲ್ಲಿ ಡಾಕ್ಟರುಗಳೂ ಸಹಿ ಹಾಕ್ತಾರಾ?’

‘ಆರು ಜನ.’

‘ಹಾಗಾದ್ರೆ ಬರ್ಕೋ.’